ಎರಡು ಒಲೆಯ ಮುದ್ದೆ

“ನಮ್ ಮಾವಂಗೆ ನಾನು ಮದ್ದು ಹಾಕಿವ್ನಿ ಅಂತಾವ್ರೆ ಕಣಮ್ಮ. ಶುಕ್ರವಾರ ತವರಿಗೆ ಕಳಿಸ್ಬುಡ್ತಾರಂತೆ. ನಮ್ ಯಜಮಾನ್ರೂ ಬಾಯಿ ಬುಡ್ತಿಲ್ಲ.”

ಬಿಳಿಕೆರೆಯ ಸೌಂದರ್ಯ ಹೀಗೆ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಾಗ, ಹುಣಸೂರಿನ ವಿಮಲಮ್ಮನವರ ಜಗಲಿಯಲ್ಲಿ ಕುಳಿತಿದ್ದ ನಟರಾಜುವಿನ ಕಿವಿ ನೆಟ್ಟಗಾಯಿತು. ವಿಮಲಮ್ಮ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಪೊಲೀಸರಿಗಾಗಿ ವಿಷ ಪತ್ತೆ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ಸುತ್ತಲ ಊರುಗಳ ಬಗೆಹರಿಯದ ಒಗಟುಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು. ನಟರಾಜು ಔಷಧಿ ಅಂಗಡಿಯವನು. ಅವರನ್ನು ತನ್ನ ಕಾರಿನಲ್ಲಿ ಕರೆದೊಯ್ಯುತ್ತಿದ್ದವನೂ ಅವನೇ. ಪ್ರತಿ ಸಲವೂ ಹೆಸರು ಅವರದು, ಪೆಟ್ರೋಲು ಇವನದು. ಅದು ಅವನೊಳಗೆ ಹುಳಿಯಂತೆ ಕುದಿಯುತ್ತಿತ್ತು.

ಸೌಂದರ್ಯ ಹೇಳಿದ್ದರ ಸಾರಾಂಶ ಇಷ್ಟು. ಅವಳ ಮಾವ ದೊಡ್ಡಮಾದಯ್ಯನ ಹೃದಯ ದುರ್ಬಲವಾಗಿತ್ತು. ಮಕ್ಕಳು ಪಾಲಾಗಿ, ಒಂದೇ ಅಂಗಳದ ಎರಡು ಮನೆಗಳಲ್ಲಿದ್ದರು. ಮಾವ ಒಂದು ವಾರ ಹಿರಿಮಗ ಶಿವಣ್ಣನಲ್ಲಿ, ಮರುವಾರ ಕಿರಿಮಗ, ಸೌಂದರ್ಯಳ ಗಂಡ ಸುರೇಶನಲ್ಲಿ ಉಣ್ಣುತ್ತಿದ್ದ. ಆಸ್ಪತ್ರೆಯಿಂದ ಮರಳಿದ ಮೇಲೆ ಮೂರು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಮೂರು ಸಲವೂ ಸೌಂದರ್ಯಳ ವಾರವೇ. ಮೂರು ಸಲವೂ ಮಧ್ಯಾಹ್ನದ ಊಟವಾಗಿ, ಕೈ ತೊಳೆಯಲು ನಲ್ಲಿಯ ಕಡೆ ಎದ್ದಾಗಲೇ. ಪರೀಕ್ಷೆಯಲ್ಲಿ ಯಾವ ವಿಷವೂ ಸಿಕ್ಕಿರಲಿಲ್ಲ. “ಊಟದಲ್ಲಿ ಕಲಸೋ ಕೈಮದ್ದು ಯಾವ ಪರೀಕ್ಷೆಗೆ ಸಿಕ್ತದೆ?” ಎಂದು ವಾರಗಿತ್ತಿ, ಶಿವಣ್ಣನ ಹೆಂಡತಿ ಲಕ್ಷ್ಮಿದೇವಿ ಊರಿಗೆಲ್ಲ ಸಾರಿದ್ದಳು.

ಮರುದಿನ ವಿಮಲಮ್ಮ, ನಟರಾಜು ಬಿಳಿಕೆರೆ ತಲುಪುವ ಹೊತ್ತಿಗೆ ಊಟದ ಸಮಯ. ಅದು ಸೌಂದರ್ಯಳ ವಾರವಾಗಿತ್ತು. ಅವಳು ಮಾವನ ತಟ್ಟೆಗೆ ತೆಂಗಿನಕಾಯಿ ಗಾತ್ರದ ಬಿಸಿ ಮುದ್ದೆ ಇಳಿಸಿ, ಮಸ್ಸೊಪ್ಪು ಸುರಿದಳು.

“ಇಷ್ಟೊಂದಾ ತಾಯಿ?” ಎಂದರು ವಿಮಲಮ್ಮ.

“ಅಲ್ಲಿ ನಿಂಬೆಕಾಯಂಗೆ ಮುದ್ದೆ ಕಟ್ತಾರೆ. ನಮ್ಮನೇಲಿ ಆ ಜಿಪುಣತನ ಇಲ್ಲ,” ಎಂದು ಸೌಂದರ್ಯ ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ದೊಡ್ಡಮಾದಯ್ಯ ನಕ್ಕ. “ಮಿಗ್ಸುದ್ರೆ ಇವ್ಳಿಗೆ ಕ್ವಾಪ, ಉಂಡ್ರೆ ಅವ್ಳಿಗೆ ಕ್ವಾಪ. ನನ್ ಹೊಟ್ಟೆ ನನ್ದಲ್ಲ ಕಣವ್ವ.”

ವಿಮಲಮ್ಮ ಲಕ್ಷ್ಮಿದೇವಿಯ ಮನೆಗೆ ಹೊರಟರು. ನಟರಾಜು ಮಾತ್ರ ಉಳಿದು, ತಾನು ತಂದಿದ್ದ ಬಿ.ಪಿ. ಯಂತ್ರದಿಂದ ಮುದುಕನ ರಕ್ತದೊತ್ತಡವನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾಗಿ ಸ್ವಲ್ಪ ಹೊತ್ತಿಗೆ ಚಾಪೆಯ ಮೇಲೆ ಮಲಗಿಸಿ ಇನ್ನೊಮ್ಮೆ ನೋಡಿದ. ಎರಡನೆಯ ಸಲ ಅಂಕಿ ಸ್ಪಷ್ಟವಾಗಿ ಕುಸಿದಿತ್ತು. ಅವನ ಎದೆ ಹಿಗ್ಗಿತು. ಇದರ ಅರ್ಥ ಅವನಿಗೆ ತಿಳಿಯಲಿಲ್ಲ. ಆದರೆ ಇದು ತನ್ನೊಬ್ಬನ ಕೈಯಲ್ಲಿದ್ದ ಸುಳಿವು.

ಹಿರಿಮನೆಯ ಬಾಗಿಲಿಗೆ ಅವನು ಬಂದಾಗ ವಿಮಲಮ್ಮ ಮಂಚದ ಕೆಳಗಿದ್ದ ಸ್ಟೀಲು ಬೋಗುಣಿಯನ್ನು ನೋಡುತ್ತಿದ್ದರು.

“ಮಾವನಿಗೆ ಕೂತಲ್ಲೇ ಕೈ ತೊಳಿಸ್ತೀನಿ. ಉಂಡ ತಕ್ಷಣ ಎಬ್ಬುಸಾಕಿಲ್ಲ, ದಿಂಬು ಕೊಟ್ಟು ಒರಗುಸ್ತೀನಿ,” ಎಂದಳು ಲಕ್ಷ್ಮಿದೇವಿ. “ಕೆಲವ್ರಿಗೆ ಅಷ್ಟೂ ಗ್ಯಾನ ಇಲ್ಲ ಬುಡಿ.”

“ಮೊದಲಿಂದಲೂ ಹೀಗೇನಾ?”

“ಆಸ್ಪತ್ರೆಯಿಂದ ಬಂದಾಗಿಂದ.”

“ಆಸ್ಪತ್ರೆಯಲ್ಲಿ ಜೊತೆಗಿದ್ದವರು?”

“ಇನ್ಯಾರು? ನಾನೇ.” ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಕಾರಿನಲ್ಲಿ ವಿಮಲಮ್ಮ ಕೇಳಿದರು: “ಮುದುಕರ ಬಿ.ಪಿ. ಹೇಗಿತ್ತು, ನಟರಾಜು?”

“ಎಲ್ಲ ಸರಿಯಾಗೇ ಇದೆ, ಮೇಡಂ,” ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. ಶುಕ್ರವಾರ ಎಲ್ಲರೆದುರು ತಾನೇ ಅದನ್ನು ಹೇಳಬೇಕೆಂಬುದು ಅವನ ಲೆಕ್ಕಾಚಾರ.

ಶುಕ್ರವಾರ ಮಧ್ಯಾಹ್ನ ಅಂಗಳದಲ್ಲಿ ಎಲ್ಲರೂ ಸೇರಿದರು. ಸೌಂದರ್ಯಳ ಸೂಟ್‌ಕೇಸು ಗೋಡೆಗೆ ಒರಗಿತ್ತು. ಸುರೇಶ ತಲೆ ತಗ್ಗಿಸಿ ನಿಂತಿದ್ದ. ದೊಡ್ಡಮಾದಯ್ಯ ಆಗಷ್ಟೇ ಕಿರಿಮನೆಯ ಊಟ ಮುಗಿಸಿ, ಎಂಜಲು ಕೈಯಲ್ಲಿ ಜಗಲಿಯ ಮೇಲೆ ಕುಳಿತಿದ್ದ. ವಿಮಲಮ್ಮ ನಟರಾಜುವನ್ನು ಮುದುಕನ ಬೆನ್ನ ಹಿಂದೆ ನಿಲ್ಲಿಸಿ, ಎರಡೂ ಕೈಗಳನ್ನು ಹೆಗಲ ಮೇಲಿಡಿಸಿ, “ನಾನು ಏನೇ ಹೇಳಿದರೂ ಬಿಡಬೇಡಿ,” ಎಂದು ಪಿಸುಗುಟ್ಟಿದರು. ಬಳಿಕ ಗಟ್ಟಿಯಾಗಿ ಹೇಳಿದರು:

“ಯಜಮಾನರೆ, ಎದ್ದು ಆ ನಲ್ಲಿಯಲ್ಲಿ ಕೈ ತೊಳಕೊಂಡು ಬನ್ನಿ. ಆಮೇಲೆ ಮಾತಾಡೋಣ.”

“ಏಳ್‌ಬ್ಯಾಡಿ ಮಾವ! ಬಿದ್ದೋಯ್ತೀರಿ!”

ಕೂಗಿದವಳು ಲಕ್ಷ್ಮಿದೇವಿ. ಕೂಗಿದ ಮರುಕ್ಷಣ ಅವಳ ಕೈ ಬಾಯಿಗೆ ಹೋಯಿತು.

“ಮದ್ದು ಹಾಕಿದ್ದೇ ನಿಜವಾದರೆ, ಕೂತವರಿಗೆ ಒಂದು, ಎದ್ದವರಿಗೆ ಒಂದು ಅಂತ ಇರುತ್ತದೆಯೆ ಲಕ್ಷ್ಮಿದೇವಿ?” ಎಂದರು ವಿಮಲಮ್ಮ ಮೆಲ್ಲಗೆ. “ಎದ್ದರೆ ಬೀಳುತ್ತಾರೆ ಅಂತ ನಿಮಗೆ ಯಾರು ಹೇಳಿದರು?”

ವಿಮಲಮ್ಮ ಉಳಿದವರ ಕಡೆ ತಿರುಗಿದರು.

“ನಾಲೆಯ ಮೇಲ್ಭಾಗದ ತೂಬನ್ನು ಪೂರ್ತಿ ಎತ್ತಿದರೆ ಕೊನೆಯ ಗದ್ದೆಗೆ ನೀರು ಹರಿಯುತ್ತದೆಯೆ? ಉಂಡ ಮೇಲೆ ಹೊಟ್ಟೆ ತನ್ನ ತೂಬನ್ನು ಎತ್ತಿ, ಕರುಳಿಗೆ ರಕ್ತ ಎಳೆದುಕೊಳ್ಳುತ್ತದೆ. ಗಟ್ಟಿ ಹೃದಯ ಇನ್ನಷ್ಟು ರಕ್ತ ನೂಕಿ ಅದನ್ನು ಸರಿದೂಗಿಸುತ್ತದೆ. ದುರ್ಬಲ ಹೃದಯಕ್ಕೆ ಎಷ್ಟೋ ಸಲ ಅದು ಆಗುವುದಿಲ್ಲ. ಊಟ ದೊಡ್ಡದಾದಷ್ಟೂ ಕಷ್ಟ ಹೆಚ್ಚು. ಆಗ ಎದ್ದು ನಿಂತರೆ ರಕ್ತ ಕಾಲಿಗೂ ಇಳಿದು, ತಲೆಗೆ ಸಾಲದೆ ಕಣ್ಣು ಕತ್ತಲಾಗುತ್ತದೆ. ಹಿರಿಮನೆಯಲ್ಲಿ ಮುದ್ದೆ ಚಿಕ್ಕದು, ಕೈ ತೊಳೆಯುವುದು ಕೂತಲ್ಲೇ. ಅದು ಜಿಪುಣತನವಲ್ಲ, ಡಾಕ್ಟರು ಹೇಳಿದ ಪಥ್ಯ. ಆ ಮಾತು ಈ ಅಂಗಳ ದಾಟಲಿಲ್ಲ, ಅಷ್ಟೆ.”

“ಸಾಯ್ಲಿ ಅಂತ ಅಲ್ಲ ಕಣಮ್ಮ,” ಲಕ್ಷ್ಮಿದೇವಿ ಜಗಲಿಯ ಅಂಚಿಗೆ ಕುಳಿತಳು. “ಇಪ್ಪತ್ತು ವರ್ಷ ಉಣ್ಣಿಕ್ಕಿವ್ನಿ. ಇವ್ಳು ಬಂದ್ ಮೇಲೆ ಮಾವನ ಬಾಯಲ್ಲಿ ಬರೀ ಇವ್ಳ ಸಾರೇ ಸಾರು. ಇವ್ಳ ಕೈ ಊಟ ಒಗ್ಗಲಿಲ್ಲ ಅಂತ ನನ್ ಮನೆಗೇ ಬರ್ಲಿ ಅಂದ್ಕಂಡು ಡಾಕ್ಟ್ರ ಮಾತು ಮುಚ್ಚಿಟ್ಟೆ.”

“ನಾನೂ...” ಎಂದಳು ಸೌಂದರ್ಯ. “ಅಕ್ಕನಿಗಿಂತ ಮ್ಯಾಲಾಗ್ಬೇಕು ಅಂತ್ಲೇ ಅಷ್ಟು ದೊಡ್ಡ ಮುದ್ದೆ ಕಟ್ತಿದ್ದೆ.”

“ಒಬ್ಬರ ಕಣ್ಣು ಇನ್ನೊಬ್ಬರು ಬಡಿಸಿದ ತಟ್ಟೆಯ ಮೇಲೆ,” ಎಂದರು ವಿಮಲಮ್ಮ. “ಉಣ್ಣುವವರನ್ನು ನೋಡಿದವರಿಲ್ಲ.”

ಸುರೇಶ ಸೂಟ್‌ಕೇಸನ್ನು ಎತ್ತಿ ಒಳಗಿಟ್ಟು ಬಂದ. ಲಕ್ಷ್ಮಿದೇವಿ ಮನೆಗೆ ಹೋಗಿ, ಬೋಗುಣಿ ತಂದು ಸೌಂದರ್ಯಳ ಮುಂದೆ ಹಿಡಿದಳು. “ತಕ್ಕೋ. ನಿನ್ ವಾರಕ್ಕೆ ಮಡಿಕ್ಕೋ.”

“ನಮ್ಮನೇಲೂ ಬೋಗುಣಿ ಅದೆ,” ಎಂದಳು ಸೌಂದರ್ಯ ಬಿಗುವಿನಿಂದ. ಅನಂತರ ಕೈ ಚಾಚಿ ಅದನ್ನು ಇಸಿದುಕೊಂಡು, ಮಾವನ ಮುಂದಿಟ್ಟು ಕೈಗೆ ನೀರು ಹಾಕಿದಳು.

ಶಿವಣ್ಣನಿಗೆ ಇನ್ನೂ ಅನುಮಾನ. “ಉಂಡ್ರೆ ರಕ್ತ ಕಮ್ಮಿಯಾಯ್ತದೆ ಅಂದ್ರಲ್ಲ ಮೇಡಂ, ಗುರುತೇನು?”

ವಿಮಲಮ್ಮ ತಿರುಗಿಯೂ ನೋಡದೆ ಹೇಳಿದರು: “ನಟರಾಜು, ಮೊನ್ನೆ ನೀವು ಊಟಕ್ಕೆ ಮುಂಚೆ ಮತ್ತು ಆಮೇಲೆ ಬಿ.ಪಿ. ನೋಡಿದ್ದನ್ನು ಯಜಮಾನರೇ ಹೇಳಿದರು. ನನಗೆ ಹೇಳದೆ ಇಟ್ಟುಕೊಂಡಿರಲ್ಲ, ಆ ಎರಡು ಅಂಕಿಗಳನ್ನು ಈಗ ಇವರಿಗೆ ಹೇಳಿಬಿಡಿ.”

ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟವು. ಅವನು ಎಷ್ಟೋ ದಿನದಿಂದ ಬಯಸಿದ್ದ ಗಳಿಗೆ ಅದೇ. ಬಾಯಿ ತೆರೆದ ನಟರಾಜು ಮೊದಲು ನೋಡಿದ್ದು ಲಕ್ಷ್ಮಿದೇವಿಯ ಮುಖವನ್ನು; ಆ ಅಂಗಳದಲ್ಲಿ ಅವನ ನಾಚಿಕೆ ಅರ್ಥವಾಗುವವಳು ಅವಳೊಬ್ಬಳೇ ಆಗಿದ್ದಳು.