ಕೊಂಬು ಮೂಡಿದ ಕೆರೆಮಣ್ಣು

"ನಿನ್ನ ಮಣ್ಣಿಗೆ ಕೊಂಬು ಮೂಡ್ಯಾವ ನೋಡಪಾ," ಎಂದಳು ರುದ್ರವ್ವಾಯಿ, ಬಾಗಿಲಿಗೆ ಬಂದು ನಿಂತ ಅಮರಪ್ಪನಿಗೆ.

ಅಮರಪ್ಪ ಒಳಗೆ ಇಣುಕಿದ. ಜಗಲಿಯ ಮೇಲೆ ಐದು ಜೋಡಿ ಮಣ್ಣೆತ್ತುಗಳು, ಮುಂದೆ ಹೋಳಿಗೆ. ಮೂಲೆಯಲ್ಲಿ ಅವನು ಊರ ಕೆರೆಯ ತಳದಿಂದ ಕೊಯ್ದು ತಂದು ಹಸಿ ಬಟ್ಟೆ ಸುತ್ತಿಟ್ಟಿದ್ದ ಎರಡು ಮೊಳದ ಮಣ್ಣಿನ ಕಂಬ ಮಾತ್ರ ಇರಲಿಲ್ಲ. ಬಟ್ಟೆ ಇತ್ತು. ಒಗೆದು ಮಡಚಿಟ್ಟಿದ್ದರು.

ಹೋಳಿಗೆಯ ತಾಟು ಹಿಡಿದು ಎದುರಿಗೆ ಬಂದವಳು ಆಯಿಯ ಮೊಮ್ಮಗಳು ಶಂಕ್ರೆವ್ವ. ಟಿಕೋಟಾದ ಸೋದರತ್ತೆಯ ಮನೆಯಿಂದ ನಿನ್ನೆ ಸಂಜೆಯಷ್ಟೇ ಬಂದವಳು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ತರಲು ಹೊರಟವಳಿಗೆ ಮೂಲೆಯಲ್ಲೇ ಬೆಣ್ಣೆಯಂಥ ಮಣ್ಣು ಕಂಡಿತ್ತು. ಆಯಿಯೇ ತರಿಸಿಟ್ಟಿರಬೇಕೆಂದು ಹಾಡುತ್ತಾ ಕಲಸಿದ್ದಳು.

"ಅದು ಇನ್ನೂರು ವರ್ಷದ ಮಳಿ ಲೆಕ್ಕರಿ..." ಎಂದ ಅಮರಪ್ಪ.

ಶಂಕ್ರೆವ್ವ ತಾಟು ಕೆಳಗಿಟ್ಟು ಎತ್ತುಗಳ ಕಡೆ ನೋಡಿದಳು.

ಅವನು ಪುಣೆಯಲ್ಲಿ ಭೂಗರ್ಭಶಾಸ್ತ್ರ ಓದುವವನು; ಕೆರೆಮಣ್ಣು ಅಗೆಯಲು ಬಂದು, ಅಗೆದದ್ದನ್ನು ಆಯಿಯ ಮನೆಯಲ್ಲಿಟ್ಟಿದ್ದ. ಹಿಮದ ನಾಡಿನ ಹಳೆಯ ಸರೋವರಗಳ ತಳದಲ್ಲಿ ವರ್ಷಕ್ಕೊಂದು ಪದರು ಕೂಡುತ್ತದಂತೆ. ಹಿಮ ಕರಗುವಾಗ ಮರಳು, ಹೆಪ್ಪುಗಟ್ಟಿದಾಗ ನಯ ಮಣ್ಣು. ಎಣಿಸುತ್ತಾ ಹೋದರೆ ಸಾವಿರಾರು ವರ್ಷಗಳ ಹವೆ ತಿಳಿಯುತ್ತದೆ. ಕಾಖಂಡಕಿಯ ಕೆರೆಗೆ ಹಿಮವಿಲ್ಲದಿದ್ದರೇನು, ಮುಂಗಾರು ಇದೆಯಲ್ಲ ಎಂದು ಅವನು ವಾದಿಸಿದಾಗ ಗುರುಗಳು ನಕ್ಕಿದ್ದರು. ಮಳೆ ಬಂದು ಕೆರೆ ತುಂಬುವುದರೊಳಗೆ ಪದರು ಒಯ್ದು ತೋರಿಸಬೇಕು. ಇಲ್ಲದಿದ್ದರೆ ಒಂದು ವರ್ಷದ ಓದು ಹಾಳು.

ಪೂಜೆಯಾದ ಎತ್ತು ಮುರಿಯುವಂತಿಲ್ಲ ಎಂದು ಆಯಿ ತೀರ್ಪು ಕೊಟ್ಟುಬಿಟ್ಟಳು. ಹೊಸ ಕಂಬ ಅಗೆಯಲು ತಾನೂ ಬರುತ್ತೇನೆಂದಳು ಶಂಕ್ರೆವ್ವ.

"ಬ್ಯಾಡ್ರಿ. ಇದು ಎತ್ತು ಮಾಡಿದಂಗ ಅಲ್ಲ."

'ಹಾಂ... ನಾನು ಬರೀ ಎತ್ತು ಮಾಡಾಕಿ!' ಶಂಕ್ರೆವ್ವನ ಕಣ್ಣು ತುಂಬಿತು. ಆದರೂ ಆಯಿಯನ್ನು ಹೊರಡಿಸಿಕೊಂಡು ಕೆರೆಗೆ ನಡೆದಳು.

ಬತ್ತಿದ ಕೆರೆಯ ತಳದಲ್ಲಿ ತೋಡಿದ್ದ ಗುಂಡಿಯಲ್ಲಿ ಅಮರಪ್ಪ ಚೂರಿ ಹಾಕಿದಲ್ಲೆಲ್ಲ ಮಣ್ಣು ಪುಡಿಯಾಗಿ ಉದುರುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡಿದಳು. ತಡೆಯದೆ ಚೂರಿ ಕಸಿದು ತಂಬಿಗೆಯ ನೀರಲ್ಲಿ ಅದ್ದಿ, ಎತ್ತಿನ ಬೆನ್ನು ನಯ ಮಾಡುವಂತೆ ಮೇಲಿನಿಂದ ಕೆಳಗೆ ಒಮ್ಮೆ ಎಳೆದಳು. ಸೀರೆಯ ದಡಿಯ ಗೆರೆಗಳಂತೆ ಪದರುಗಳು ಎದ್ದು ನಿಂತವು.

ಅಮರಪ್ಪ ಪದರು ನೋಡುವುದನ್ನು ಬಿಟ್ಟು ಅವಳನ್ನೇ ನೋಡಿದ.

ಸಂಜೆಯೊಳಗೆ ಹೊಸ ಕಂಬ ಸಿದ್ಧವಾಗಿ ಆಯಿಯ ಕಾವಲಿಗೆ ಹೋಯಿತು. ಉಳಿದದ್ದು ಗುಂಡಿಯ ಗೋಡೆಯ ಎಣಿಕೆ. ಹತ್ತು ಪದರಿಗೊಂದು ಜಾಲಿಮುಳ್ಳು ಚುಚ್ಚಿ ಇಬ್ಬರೂ ಬೇರೆ ಬೇರೆ ಎಣಿಸಿದರು; ಎರಡು ಲೆಕ್ಕ ಸರಿಹೊಂದಿದರಷ್ಟೇ ಕೆಲಸ ಮುಗಿದಂತೆ. ಅವನದು ಇನ್ನೂರಾರು, ಅವಳದು ಇನ್ನೂರೆರಡು. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ! ಏರಿಯ ಮೇಲೆ ಕುಳಿತ ಆಯಿ, ತನ್ನ ಹಸು ಈ ಗುಂಡಿಗೆ ಬಿದ್ದಿದ್ದರೂ ಇಷ್ಟೊತ್ತಿಗೆ ಎಣಿಸಿ ಮೇಲೆ ಬರುತ್ತಿತ್ತು ಎಂದು ಗೊಣಗಿದಳು.

ನಾಲ್ಕನೆಯ ದಿನ ಬಬಲೇಶ್ವರದ ಕಡೆ ಮುಗಿಲು ಕಪ್ಪಾಯಿತು. ಶಂಕ್ರೆವ್ವ ಎಣಿಕೆ ಬಿಟ್ಟು ಮೇಲೆ ನೋಡಿದಳು. ಮಳೆ ಬಂದರೆ ಇವರು ಹೊರಟೇಬಿಡುತ್ತಾರೆ...

"ಶಂಕ್ರೆವ್ವ, ಒಂದು ಖರೇ ಹೇಳ್ತೀನಿ." ಅವನು ಗೋಡೆಯ ಕಡೆಗೇ ಮುಖ ಮಾಡಿದ್ದ. "ಮೊದಲನೇ ದಿನಾನ ನನ್ನ ಲೆಕ್ಕ ಸರಿ ಬಂದಿತ್ತು. ಬೇಕಂತ ಎರಡು ಹೆಚ್ಚು ಹೇಳೀನಿ. ಸರಿ ಬಂದ್ರ ಪುಣೆಕ್ಕ ಹೋಗಬೇಕಲ್ಲ."

ಅವಳು ಕೈಯ ಮುಳ್ಳನ್ನು ಗೋಡೆಗೆ ಚುಚ್ಚಿದಳು.

"ನಾನು ಎರಡು ಕಡಿಮಿ ಹೇಳೀನ್ರಿ."

"ಹಂಗಾರ ಇನ್ನೂರಾ ನಾಕು?"

"ಹೂಂ... ಇನ್ನೂರಾ ನಾಕ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನ ದನಿ ಇಳಿಯಿತು.

"ಈ ವರ್ಷದ ಪದರು ಮುಂದಿನ ಬ್ಯಾಸಗ್ಯಾಗ ಕೂಡಿ ನೋಡೋಣೇನು? ಜೀವನಪೂರ್ತಿ ಹಿಂಗ ಎಣಸ್ಕೋತ..."

"ಅಪ್ಪನ್ನ ಕೇಳ್ರಿ," ಎಂದಳು ಸೆರಗು ಕಚ್ಚಿ. "ಮುಂದಿನ ವರ್ಷದ ಅಮವಾಸ್ಯಿಗಿ ನಿಮ್ಮ ಮಣ್ಣು ಬ್ಯಾರೆ, ಎತ್ತಿನ ಮಣ್ಣು ಬ್ಯಾರೆ ಇಡತೀನಿ."

ದಪ್ಪ ಹನಿಗಳು ಬಿದ್ದವು. ಇಬ್ಬರೂ ಮೇಲೆ ಹತ್ತಿದರು. ಮಳೆ ಜಡಿದು ತಗ್ಗಿನಲ್ಲಿ ನೀರು ನಿಂತ ಮೇಲೆ ರುದ್ರವ್ವಾಯಿ ಬುಟ್ಟಿಯಿಂದ ಐದು ಜೋಡಿ ಎತ್ತುಗಳನ್ನು ತೆಗೆದು, ಕೈ ಮುಗಿದು, ಒಂದೊಂದಾಗಿ ಕೆರೆಯ ಹೊಸ ನೀರಿಗೆ ಬಿಟ್ಟಳು. ಒಂದರ ಕೊಂಬು ಮಾತ್ರ ಸ್ವಲ್ಪ ಹೊತ್ತು ನೀರಿನ ಮೇಲೆ ನಿಂತಿತ್ತು. ಆಮೇಲೆ ಅದೂ ಕರಗಿತು.