ದವಡೆಗೆ ಇಟ್ಟ ಹೆಸರು

ತನ್ನೂರು ಕುಣಿಗಲ್‌ನ ಕೆರೆ ಏರಿಯ ಮೇಲೆ ಚನ್ನೇಶ್ ನಗುತ್ತಾ ನಿಂತಿದ್ದ. ಆ ನಗು ನೋಡಿಯೇ ಭಾನುಪ್ರಿಯಾಗೆ ಪಿತ್ತ ನೆತ್ತಿಗೇರಿತು. ತುಮಕೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಪೇಪರ್ ಓದಿದ್ರಾ? ನಾಳೆ ಜರ್ನಲ್‌ಗೆ ಕಳಿಸ್ತೀವಿ. ಸರ್‌ಪ್ರೈಸ್ ಹೆಂಗಿತ್ತು?" ಎಂದ.

"ಬರೆದವರ ಸಾಲಲ್ಲಿ ನಿಮ್ಮ ಹೆಸರೈತೆ, ಪ್ರೊಫೆಸರ್ ಹೆಸರೈತೆ. ನಂದೆಲ್ಲಿ?"

ಪೇಪರ್ ಇದ್ದದ್ದು ನರ್ಮದಾ ಕಣಿವೆಯಿಂದ ತಂದ ಒಂದು ದವಡೆಯ ಪಳೆಯುಳಿಕೆಯ ಬಗ್ಗೆ. ಆ ತುಂಡನ್ನು ಎಲ್ಲರೂ ಮೊಸಳೆಯದೆಂದು ಬದಿಗಿಟ್ಟಿದ್ದರು. ತುಮಕೂರಿನ ಲ್ಯಾಬಿನಲ್ಲಿ ನಾಲ್ಕು ವರ್ಷ ಸೂಜಿ ಹಿಡಿದು ಅದಕ್ಕೆ ಅಂಟಿದ ಕಲ್ಲು ಕೆರೆದವಳು ಭಾನು. ಚಪ್ಪಟೆ ಹಲ್ಲು, ಅಂಚಿನಲ್ಲಿ ಗರಗಸದ ಕಚ್ಚು ಕಂಡು, ಇದು ಮಾಂಸ ತಿನ್ನುವ ಡೈನೋಸಾರ್, ಯಾರೂ ಹೆಸರಿಡದ ಹೊಸ ಜಾತಿ ಎಂದವಳೂ ಅವಳೇ. ಈಗ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದ ಹಾಗಾಗಿತ್ತು. ಆ ಹಾವು ಚನ್ನೇಶನೇ ಆಗಬೇಕೇ? ಲ್ಯಾಬಿನಲ್ಲಿ ಅವಳ ಜೊತೆ ಕೂತು ಅಳತೆ ಬರೆದುಕೊಳ್ಳುವಾಗ ಕದ್ದು ನೋಡಿ, ಸಿಕ್ಕಿಬಿದ್ದು, ಮತ್ತೆ ಬಗ್ಗುತ್ತಿದ್ದ ಆ ಕಣ್ಣುಗಳನ್ನು ಅವಳು ನಂಬಿದ್ದಳು. ಅದೇ ಹೆಚ್ಚು ಉರಿಯುತ್ತಿತ್ತು.

"ಎರಡನೇ ಪೇಜ್ ನೋಡಿಲ್ವಾ?" ಅವನು ಮೆಲ್ಲಗೆ ಕೇಳಿದ. "ಆ ಜಾತಿಗೆ ನಿಮ್ಮ ಹೆಸರೇ ಇಟ್ಟಿದೀನಿ. ಪೇಪರ್ ಬರೆದವರು ಜಾತಿಗೆ ತಮ್ಮ ಹೆಸರು ತಾವೇ ಇಡೋದು ನಮ್ಮಲ್ಲಿ ಸರಿ ಅಲ್ವಲ್ಲ, ಅದಕ್ಕೇ ನಿಮ್ಮನ್ನ ಆ ಸಾಲಿಂದ ತೆಗೆದೆ. ಪ್ರೊಫೆಸರ್ ಒಪ್ಪಿದ್ರು."

ಎದೆಯೊಳಗೆ ಏನೋ ಮೆತ್ತಗಾಯಿತು. ಅದಕ್ಕೂ ಭಾನುಗೆ ಸಿಟ್ಟೇ ಬಂತು.

"ಪ್ರೊಫೆಸರ್ನ ಕೇಳಿದ್ಯಲ್ಲ. ನನ್ನ ಕೇಳಿದ್ಯಾ? ನಾಳೆ ಓದೋರು, ಕಂಡುಹಿಡಿದವನು ಚನ್ನೇಶ್, ಭಾನು ಅವನ ಹುಡುಗಿ ಇರ್ಬೇಕು ಅಂತಾರೆ. ನನ್ನ ದೇವ್ರು ಮಾಡಿ ಗುಡೀಲಿ ಕೂರಿಸ್ಬೇಡ ಕಣೋ. ನಾನು ಕೆಲಸ ಮಾಡಿರೋಳು."

ಕೋಪದಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಅವನಿಗೆ ತಿಳಿಯಿತು; ನಗುವ ಧೈರ್ಯ ಬರಲಿಲ್ಲ.

ಚನ್ನೇಶ್ ಏರಿಯ ಕಲ್ಲಿನ ಮೇಲೆ ಕೂತು ಪ್ರೊಫೆಸರ್‌ಗೆ ಫೋನ್ ಮಾಡಿದ. ಅವರು ರೇಗಿದ್ದು ಭಾನುಗೂ ಕೇಳಿಸಿತು.

"ತಪ್ಪು ನಂದೇ ಸರ್. ಆದ್ರೂ ಭಾನು ಹೆಸರೇ ಮೊದಲು ಬರ್ಬೇಕು. ಆಗಲ್ಲ ಅಂದ್ರೆ ನನ್ನ ಹೆಸರೂ ತೆಗೀರಿ." ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತ. "ಸರಿ ಸರ್, ಇವತ್ತೇ ತಿದ್ತೀನಿ."

ಫೋನ್ ಇಟ್ಟು ಅವಳತ್ತ ನೋಡಿದ. "ಒಪ್ಪಿದ್ರು. ಜಾತಿಗೆ ಏನಂತ ಇಡಣ?"

"ದವಡೆ ಸಿಕ್ತಲ್ಲ, ಆ ಊರಿನ ಹೆಸರು."

"ನಿಮಗೆ ಪ್ರೀತಿ ಹೇಳಕ್ಕೆ ನಂಗೆ ಇನ್ಯಾವ ದಾರೀನೂ ಗೊತ್ತಾಗ್ಲಿಲ್ಲ," ಎಂದ ತಲೆ ತಗ್ಗಿಸಿ.

"ಎದುರಿಗೇ ನಿಂತಿದೀನಿ. ಮಧ್ಯೆ ಸತ್ತ ಪ್ರಾಣಿ ಯಾಕೆ? ಹೇಳು."

ಅವನು ಹೇಳಿದ. ಮೊದಲ ಸಲ ತೊದಲಿದ, ಎರಡನೇ ಸಲ ಸರಿಯಾಗಿ ಹೇಳಿದ.

ಭಾನು ಅವನ ಪಕ್ಕದಲ್ಲಿ ಕೂತಳು. "ನಂಗೂ ನೀನಂದ್ರೆ ಇಷ್ಟ. ಆದ್ರೆ ಈ ಕೋಪ ಇನ್ನೂ ಎಂಟು ದಿನ ಇರುತ್ತೆ."

"ಇರ್ಲಿ," ಎಂದ ಚನ್ನೇಶ್. "ದಿನಾ ತುಮಕೂರಿಗೆ ಬಂದು ಬೈಸ್ಕೋತೀನಿ."