ಗೋಡೆ ಕಡೆ ತಿರುಗಿ ಉಣ್ಣುವ ಅಜ್ಜಿ

"ನಾ ಒಲ್ಲೆ!" ಸಮತಾ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಕಾನಹೊಸಹಳ್ಳಿ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲೇ ಅಜ್ಜಿ ದುರುಗಮ್ಮ ಕೂತಿದ್ದಳು. ಅಜ್ಜಿ, ಮೊಮ್ಮಗಳು ಕೂತ ಮೇಲೆ ಆ ಬೆಂಚಿನಲ್ಲಿ ಮೂರನೆಯವರಿಗೆ ಜಾಗವೇ ಇರಲಿಲ್ಲ.

"ಸೂಜಿಗೆ ಅಂಜ್ತೀಯೇನವ್ವಾ? ಇರುವಿ ಕಚ್ಚಿದಂಗ ಆಗತೈತಿ, ಅಷ್ಟ."

ಸೂಜಿಗೆ ಯಾರು ಹೆದರುತ್ತಾರೆ! ಸಮತಾಳಿಗೆ ಭಯ ಇದ್ದದ್ದು ತನ್ನ ರಕ್ತದ್ದೇ. ಕೆಲವರು ಯಾಕೆ ದಪ್ಪ ಆಗುತ್ತಾರೆ ಎಂದು ತಿಳಿಯಲು ಡಾಕ್ಟರುಗಳ ತಂಡ ಬಂದಿತ್ತು. ಒಂದೇ ಮನೆಯ ದಪ್ಪಗಿರುವವರ, ತೆಳ್ಳಗಿರುವವರ ರಕ್ತ ತೆಗೆದುಕೊಂಡು ಅದರಲ್ಲಿ ಹಿರಿಯರಿಂದ ಮಕ್ಕಳಿಗೆ ಇಳಿದು ಬರುವ ಜೀನ್ ಹುಡುಕುತ್ತಾರಂತೆ.

"ಜೀನ್ ಸಿಕ್ತು ಅಂದ್ರ ಮುಗೀತಲೇ. ಸಾಯೋತನಕ ನೀ ಡ್ರಮ್ಮೇ!" ಎಂದು ಕ್ಲಾಸಿನ ಪ್ರವೀಣಕುಮಾರ್ ಹೇಳಿದ್ದ.

ಅವತ್ತಿನಿಂದ ಅವಳು ಬಿಸಿಯೂಟದ ಮೊಟ್ಟೆಯನ್ನು ಗೆಳತಿಗೆ ಕೊಟ್ಟುಬಿಡುತ್ತಿದ್ದಳು. ಮನೆಯಲ್ಲಿ ಹೊಟ್ಟೆನೋವು ಎಂದು ಸುಳ್ಳು ಹೇಳುತ್ತಿದ್ದಳು. ಆದರೂ ತೂಕದ ಮುಳ್ಳು ಅಲ್ಲಾಡಿರಲಿಲ್ಲ. ಮುಂದೆ ತಾನೂ ಅಜ್ಜಿಯ ಹಾಗೆ ಬಸ್ಸಿನ ಮೆಟ್ಟಿಲು ಹತ್ತಲು ಏದುಸಿರು ಬಿಡಬೇಕೇ?

"ಇಷ್ಟ ಇಲ್ದಿದ್ರೆ ಬೇಡ ಪುಟ್ಟಿ" ಎಂದ ಡಾಕ್ಟರಮ್ಮ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದರು.

ಸಮತಾ ಬೆನ್ನ ಹಿಂದಿನ ಕೈ ತೆಗೆಯದೆಯೇ ಕೇಳಿದಳು. "ಮೇಡಂ, ಜೀನ್ ಸಿಕ್ರ ನಾ ಯಾವಾಗ್ಲೂ ಹಿಂಗ ಇರ್ತೀನಾ?"

"ಹಾಗೇನಿಲ್ಲಮ್ಮ. ಜೀನ್ ಒಂದೇ ಅಲ್ಲ, ಎಷ್ಟೋ ಇವೆ. ಊಟ, ಆಟ, ನಿದ್ದೆ ಎಲ್ಲಾ ಸೇರುತ್ತೆ. ನಾವಿನ್ನೂ ಹುಡುಕ್ತಾನೇ ಇದ್ದೀವಿ. ಒಬ್ಬರು ದಪ್ಪ ಇದ್ರೆ ಬರೀ ತಿಂದಿದ್ದಕ್ಕೇ ಅಂತ ಹೇಳೋಕಾಗಲ್ಲ."

ಅಜ್ಜಿ ತಟ್ಟನೆ ತಲೆ ಎತ್ತಿದಳು.

"ಏನಂದ್ರಿ? ಬರೇ ತಿಂದಿದ್ದಕ್ಕ ಅಲ್ಲೇನ್ರಿ?"

ಸೂಜಿ ಚುಚ್ಚಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಸಮತಾ ಅಜ್ಜಿಯ ಮುಖವನ್ನೇ ನೋಡಿದಳು. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಗೋಡೆ ಕಡೆ ತಿರುಗಿ ಕೂತು ಉಣ್ಣುತ್ತಾಳೆ. ತಟ್ಟೆಯಲ್ಲಿ ಎಷ್ಟು ರೊಟ್ಟಿ ಇವೆ ಎಂದು ಯಾರಿಗೂ ಕಾಣುವುದಿಲ್ಲ. ಅದು ಅಜ್ಜಿಯ ರೂಢಿ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಸಮತಾ ಕಣ್ಣು ಮುಚ್ಚಿ ಡಾಕ್ಟರಮ್ಮನ ಕಡೆ ಮೆಲ್ಲಗೆ ಕೈ ಚಾಚಿದಳು.

ಮನೆಗೆ ಬಂದು ಉಳಿದವರ ಊಟವಾದ ಮೇಲೆ ಅಜ್ಜಿ ಎಂದಿನಂತೆ ಗೋಡೆ ಕಡೆ ತಿರುಗಿದಳು. ಉಣ್ಣದೆ ಕಾದಿದ್ದ ಸಮತಾ ತಟ್ಟೆ ತಂದು ಅಜ್ಜಿಗೂ ಗೋಡೆಗೂ ನಡುವೆ ನುಗ್ಗಿದಳು.

"ಲೇ, ಅಲ್ಲೆಲ್ಲೈತಿ ಜಾಗ?"

"ನೀ ಗೋಡಿಗೆ ಬೆನ್ನು ಮಾಡಿ ಈ ಕಡಿ ತಿರುಗಿದ್ರ ಇಬ್ರಿಗೂ ಆಗತೈತಿ, ಅಜ್ಜಿ. ನನಗ ಬಾಳ ಹಸಿವಾಗೈತಿ."

ಅಜ್ಜಿ ತಟ್ಟೆ ಎತ್ತಿಕೊಂಡು ಗೋಡೆಗೆ ಬೆನ್ನು ಮಾಡಿ ಮೆಲ್ಲಗೆ ಈ ಕಡೆ ತಿರುಗಿದಳು.

"ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದು ಕೇಳಿದವಳು ಸಮತಾ.